ಇಂಗ್ಲಿಷ್ ಮಾತಿನ ಬಲಾಘಾತವೂ ಸಂಧಾನ ಸಾಮರ್ಥ್ಯವೂ

ಸಂಧಾನಗಳ ಇತಿಹಾಸವನ್ನು ನಾವು ಬಹುಮಟ್ಟಿಗೆ ನಡವಳಿಗಳಿಂದಲೂ ಒಡಂಬಡಿಕೆಗಳಿಂದಲೂ ತಿಳಿಯುತ್ತೇವೆ. ಆದರೆ ಆಡಿದ ಮಾತಿನಲ್ಲಿ ಒತ್ತು ಯಾವ ಪದದ ಮೇಲೆ ಬಿದ್ದಿತೆಂಬುದು ಕಾಗದದಲ್ಲಿ ಉಳಿಯುವುದಿಲ್ಲ. ಇಂಗ್ಲಿಷಿನ ಮಾತುಕತೆಗಳಲ್ಲಿ ಅರ್ಥದ ಗಣನೀಯ ಭಾಗವು ಈ ಒತ್ತನ್ನೇ, ಅಂದರೆ ಬಲಾಘಾತವನ್ನೇ, ಅವಲಂಬಿಸಿರುವುದರಿಂದ ಅದರ ಸ್ವರೂಪವನ್ನು ಇಲ್ಲಿ ಸಂಗ್ರಹವಾಗಿ ವಿವೇಚಿಸುತ್ತೇವೆ.

ಬಲಾಘಾತದ ಕಾರ್ಯವು ಎರಡು ಬಗೆಯದು. ಮೊದಲನೆಯದು ಪದದೊಳಗಿನದು. ‘ಇನ್‌ಕ್ರೀಸ್’ ಎಂಬಲ್ಲಿ ಮೊದಲ ಉಚ್ಚಾರಾಂಶವನ್ನು ಒತ್ತಿದರೆ ‘ಹೆಚ್ಚಳ’ ಎಂಬ ನಾಮಪದ. ಎರಡನೆಯದನ್ನು ಒತ್ತಿದರೆ ‘ಹೆಚ್ಚಿಸು’ ಎಂಬ ಕ್ರಿಯಾಪದ. ಎರಡನೆಯ ಕಾರ್ಯವು ವಾಕ್ಯಕ್ಕೆ ಸಂಬಂಧಿಸಿದ್ದು. ‘ವಿ ಕಾಂಟ್ ಪೇ ದಿಸ್ ಮಂತ್’ ಎಂಬ ವಾಕ್ಯದಲ್ಲಿ ‘ವಿ’ ಎಂಬುದನ್ನು ಒತ್ತಿದರೆ ಬೇರೆಯವರು ಕೊಡಬಹುದೆಂಬ ಧ್ವನಿ. ‘ದಿಸ್’ ಎಂಬುದನ್ನು ಒತ್ತಿದರೆ ಮುಂದಿನ ತಿಂಗಳು ಕೊಡಬಹುದೆಂಬ ಸೂಚನೆ. ಕನ್ನಡದಲ್ಲಿ ಇಂಥ ಕಾರ್ಯವನ್ನು ಅವಧಾರಣೆಯ ಏಕಾರವೂ ‘ಅಂತೂ’, ‘ಮಾತ್ರ’ ಮೊದಲಾದ ಅವ್ಯಯಗಳೂ ನಿರ್ವಹಿಸುತ್ತವೆ: ‘ನಾವಂತೂ ಕೊಡಲಾರೆವು’, ‘ಈ ತಿಂಗಳು ಮಾತ್ರ ಕೊಡಲಾರೆವು’. ಆದುದರಿಂದ ಕನ್ನಡಿಗನು ಇಂಗ್ಲಿಷಿನ ಎಲ್ಲ ಪದಗಳನ್ನೂ ಸಮವಾಗಿ ಉಚ್ಚರಿಸಿದರೆ ಅವನ ಮನಸ್ಸಿನಲ್ಲಿದ್ದ ಷರತ್ತು ಕೇಳುಗನಿಗೆ ತಲಪದೆ, ನಿರಾಕರಣೆಯೊಂದೇ ತಲಪುವ ಸಂಭವವುಂಟು.

ಒತ್ತಿಗೆ ನಿಕಟವಾದ ಸ್ವರದ ಏರಿಳಿತವೂ ಇಷ್ಟೇ ಮುಖ್ಯವೆಂಬುದಕ್ಕೆ ಜಾನ್ ಗಂಪರ್ಜ್ ಅವರ ಅಧ್ಯಯನವೊಂದು ನಿದರ್ಶನ. ಮಹಾರಾಷ್ಟ್ರದ ಕುಪ್ವಾಡದಲ್ಲಿ ಕನ್ನಡ, ಮರಾಠಿ, ಉರ್ದುಗಳ ಸಮ್ಮಿಶ್ರಣವನ್ನು ಅಭ್ಯಸಿಸಿದ್ದ ಈ ವಿದ್ವಾಂಸರು 1982ರ ತಮ್ಮ ಗ್ರಂಥದಲ್ಲಿ ಬ್ರಿಟನ್ನಿನ ವಿಮಾನನಿಲ್ದಾಣವೊಂದರ ಭೋಜನಶಾಲೆಯ ಸಂಗತಿಯನ್ನು ವಿವರಿಸಿದ್ದಾರೆ. ಅಲ್ಲಿನ ಭಾರತೀಯ ಹಾಗೂ ಪಾಕಿಸ್ತಾನಿ ಪರಿಚಾರಿಕೆಯರು ‘ಗ್ರೇವಿ’ ಎಂಬ ಒಂದೇ ಪದವನ್ನು ಇಳಿಸ್ವರದಲ್ಲಿ ನುಡಿಯುತ್ತಿದ್ದರು. ಬ್ರಿಟಿಷರು ಅದನ್ನೇ ಏರುಸ್ವರದಲ್ಲಿ ನುಡಿದು ‘ಬೇಕೆ?’ ಎಂದು ಉಪಚರಿಸುವ ರೂಢಿ. ಇಳಿಸ್ವರವು ಅವರ ಕಿವಿಗೆ ಔದಾಸೀನ್ಯವಾಗಿ ತೋರಿತು. ದೋಷವು ಸ್ವಭಾವದ್ದಲ್ಲ, ಸ್ವರದ್ದೆಂದು ವಿವರಿಸಿದ ಬಳಿಕ ಪರಸ್ಪರ ಅಸಮಾಧಾನವು ತಗ್ಗಿತು.

ಇದರಿಂದ ಎರಡು ಅಂಶಗಳು ವಿದಿತವಾಗುತ್ತವೆ. ವ್ಯಾಕರಣದ ತಪ್ಪನ್ನು ಕೇಳುಗನು ಭಾಷೆಯ ತಪ್ಪೆಂದು ಮನ್ನಿಸುತ್ತಾನೆ. ಒತ್ತು, ಸ್ವರಗಳ ವ್ಯತ್ಯಾಸವನ್ನಾದರೋ ಆಡಿದವನ ಗುಣವೆಂದೇ ಎಣಿಸುತ್ತಾನೆ. ಎರಡನೆಯದಾಗಿ, ಈ ತಿಳಿವಳಿಕೆ ಎರಡು ಪಕ್ಷಗಳಿಗೂ ಅಗತ್ಯ.

ಇಂಗ್ಲಿಷರ ಉಚ್ಚಾರಣೆಯನ್ನು ಅನುಕರಿಸಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ವಿದ್ಯಾರ್ಥಿಗಳು ಒಂದೇ ವಾಕ್ಯವನ್ನು ನಾಲ್ಕು ಪದಗಳ ಮೇಲೆ ಬೇರೆ ಬೇರೆಯಾಗಿ ಒತ್ತಿ ಓದಿ, ಪ್ರತಿಯೊಂದರ ಭಾವವನ್ನೂ ಕನ್ನಡದಲ್ಲಿ ಬರೆಯಲಿ. ಸಂಧಾನಕ್ಕೆ ತೆರಳುವವರು ನಿರಾಕರಣೆಯನ್ನು ಮೆಲ್ಲನೆ ನುಡಿದು, ಷರತ್ತಿನ ಪದವನ್ನೇ ಒತ್ತಲಿ. ಸಂಶಯವಾದಲ್ಲಿ ಷರತ್ತನ್ನು ಪ್ರತ್ಯೇಕ ವಾಕ್ಯವಾಗಿಯೇ ಹೇಳುವುದು ಕ್ಷೇಮಕರ.