ಗಲ್ಲಾದ ಲೆಕ್ಕವೂ ಗಣಕಯಂತ್ರದ ಖಾತೆಯೂ

ಅಂಧೇರಿ ಪೂರ್ವದಲ್ಲಿದ್ದುಕೊಂಡೇ ಸಾಂತಾಕ್ರೂಜಿನ ಹೆಸರು ಹೊತ್ತ ಆವರಣವೊಂದನ್ನು ಮುಂಬಯಿಯ ನಮ್ಮ ಓದುಗರು ಬಲ್ಲರು. 1973ರಲ್ಲಿ ಸ್ಥಾಪಿತವಾದ ಸಾಂತಾಕ್ರೂಜ್ ಇಲೆಕ್ಟ್ರಾನಿಕ್ಸ್ ರಫ್ತು ವಲಯವೇ ಅದು. ಜನರ ಬಾಯಲ್ಲಿ ಸೀಪ್ಜ್. ಭಾರತದ ತಂತ್ರಾಂಶವು ಪರದೇಶಕ್ಕೆ ಹೊರಟ ಮೊದಲ ಬಾಗಿಲುಗಳಲ್ಲಿ ಇದೊಂದು. ಅಲ್ಲಿಯ ತರುಣರಿಗೆ ಚಹಾ ಒದಗಿಸುವ ನಮ್ಮವರು ಅವರ ವಾದವನ್ನೂ ಕೇಳಿರಬಹುದು: ಒಬ್ಬನಿಗೆ ಒರೇಕಲ್ ಬೇಕು, ಒಬ್ಬನಿಗೆ ಮೈಎಸ್‌ಕ್ಯೂಎಲ್, ಮತ್ತೊಬ್ಬನಿಗೆ ಪೋಸ್ಟ್‌ಗ್ರೆಸ್.

ಇವು ಡೇಟಾಬೇಸುಗಳ ಹೆಸರು. ಗಲ್ಲಾದಲ್ಲಿ ಕುಳಿತವನಿಗೆ ಇದು ಹೊಸ ವಿದ್ಯೆಯಲ್ಲ. ಉದ್ರಿ ಗಿರಾಕಿಯ ಹೆಸರು, ವಿಳಾಸ ಒಂದು ಪುಸ್ತಕದಲ್ಲಿ. ದಿನದಿನದ ಊಟದ ಲೆಕ್ಕ ಇನ್ನೊಂದರಲ್ಲಿ. ಎರಡನ್ನೂ ಕೂಡಿಸುವುದು ಗಿರಾಕಿಯ ನಂಬ್ರ. ಅವನು ಖೋಲಿ ಬದಲಿಸಿದರೆ ಒಂದೇ ಕಡೆ ತಿದ್ದಿದರಾಯಿತು. ಹೀಗೆ ಸಂಬಂಧ ಕಲ್ಪಿಸಿದ ಕೋಷ್ಟಕಗಳ ಸಿದ್ಧಾಂತವನ್ನು 1970ರಲ್ಲಿ ಐ.ಬಿ.ಎಂ.ನ ಎಡ್ಗರ್ ಕಾಡ್ ಪ್ರಕಟಿಸಿದನು. ಆ ಕೋಷ್ಟಕಗಳನ್ನು ಪ್ರಶ್ನಿಸುವ ಭಾಷೆ ಎಸ್‌ಕ್ಯೂಎಲ್. 1986ರಲ್ಲಿ ಅಮೆರಿಕದ ಮಾನಕ ಸಂಸ್ಥೆಯು ಅದಕ್ಕೆ ಮಾನ್ಯತೆ ನೀಡಿತು.

ನಾವು ಹೋಟೆಲು ನಡೆಸುತ್ತಿದ್ದಾಗ ಅಗ್ಗದ ಬೆಲೆಗೆ ಬಿಲ್ಲಿನ ತಂತ್ರಾಂಶವೊಂದನ್ನು ಕೊಂಡೆವು. ಒಂದು ಮಧ್ಯಾಹ್ನ ಊಟದ ಗದ್ದಲದಲ್ಲಿ ವಿದ್ಯುತ್ತು ಹೋಯಿತು. ಮರಳಿ ಬಂದಾಗ ಗಲ್ಲಾದ ಮೊತ್ತ ಏರಿತ್ತು; ಹಣ ಕೊಟ್ಟವರ ಖಾತೆಯಲ್ಲಿ ಮಾತ್ರ ಜಮೆಯಾಗಿರಲಿಲ್ಲ. ಇದನ್ನರಿಯದೆ, ಬಾಕಿ ತೀರಿಸಿದ್ದ ಗುಮಾಸ್ತರೊಬ್ಬರನ್ನು ಎಲ್ಲರೆದುರಿಗೆ ಪುನಃ ಕೇಳಿದೆವು. ಅವರು ಏನೂ ಹೇಳದೆ ಎದ್ದು ಹೋದರು; ಮತ್ತೆಂದೂ ನಮ್ಮಲ್ಲಿ ಉಣ್ಣಲಿಲ್ಲ. ನಂಬತಕ್ಕ ಡೇಟಾಬೇಸಿನಲ್ಲಿ ಇಂತಹ ಎರಡು ಬರಹಗಳು ಕೂಡಿಯೇ ಆಗಬೇಕು, ಇಲ್ಲವೇ ಎರಡೂ ಆಗಬಾರದು. ಇದಕ್ಕೆ ಟ್ರಾನ್ಸ್ಯಾಕ್ಷನ್ ಎನ್ನುವರೆಂದು ನಾವು ಕಲಿತದ್ದು ಆಮೇಲೆ.

ಒರೇಕಲ್ 1979ರಲ್ಲಿ ಪೇಟೆಗೆ ಬಂದಿತು. ಬ್ಯಾಂಕುಗಳಿಗೆ ಅದು ಪ್ರಿಯ. ಪರವಾನಗಿಯ ವೆಚ್ಚ ದೊಡ್ಡದು. 1995ರ ಮೈಎಸ್‌ಕ್ಯೂಎಲ್ ಧರ್ಮಾರ್ಥವಾಗಿ ದೊರೆಯುತ್ತಿದ್ದುದರಿಂದ ಬೇಗನೆ ಹಬ್ಬಿತು. ಅದರಲ್ಲಿಯ 'ಮೈ', ರಚಿಸಿದವರಲ್ಲೊಬ್ಬನಾದ ಫಿನ್ಲೆಂಡಿನ ಮೈಕೆಲ್ ವಿಡೇನಿಯಸ್‌ನ ಮಗಳ ಹೆಸರು. ಅದು 2010ರಲ್ಲಿ ಒರೇಕಲ್ಲಿನ ವಶವಾಯಿತು. ಅಷ್ಟರಲ್ಲಿ ಆತನು ಕಿರಿಮಗಳ ಹೆಸರಿನಲ್ಲಿ ಮರಿಯಾಡಿಬಿ ಆರಂಭಿಸಿದ್ದನು. ಭಾಗಸ್ಥನು ಹೊರಬಿದ್ದು ಎದುರಿಗೇ ಹೋಟೆಲು ತೆರೆದ ಕತೆಗಳು ನಮ್ಮಲ್ಲೇನು ಕಡಿಮೆಯೇ! 1986ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಆರಂಭವಾದ ಪೋಸ್ಟ್‌ಗ್ರೆಸ್ ಬಹುಕಾಲ ಹಿಂದಿತ್ತು. ಸ್ಟ್ಯಾಕ್ ಓವರ್‌ಫ್ಲೋದವರ 2023ರ ಸಮೀಕ್ಷೆಯಲ್ಲಿ ಅದು ಮೈಎಸ್‌ಕ್ಯೂಎಲ್ಲನ್ನು ಹಿಂದಿಕ್ಕಿತು. 2024ರಲ್ಲಿ ಉತ್ತರಿಸಿದವರಲ್ಲಿ ನೂರಕ್ಕೆ ಸುಮಾರು 49 ಮಂದಿ ಅದನ್ನು ಬಳಸುತ್ತಿದ್ದರು.

ಹಗಲು ಮಾಣಿಯ ಕೆಲಸ, ರಾತ್ರಿ ವ್ಯಾಸಂಗ ಮಾಡುವ ತರುಣನೊಬ್ಬನು ನಮ್ಮ ಕಚೇರಿಗೆ ಬಂದು, "ಅಣ್ಣಾ, ಯಾವುದರ ಕ್ಲಾಸಿಗೆ ಹಣ ಕಟ್ಟಲಿ?" ಎಂದನು. ಕೈಯಲ್ಲಿ ಎರಡು ತಿಂಗಳ ಸಂಬಳವಿತ್ತು. ಅದನ್ನು ಊರಿಗೆ ಕಳುಹಿಸೆಂದೆವು. ಪೋಸ್ಟ್‌ಗ್ರೆಸ್ಸಿಗೆ ಬೆಲೆಯಿಲ್ಲ, ಅದರ ಕೈಪಿಡಿಗೂ ಇಲ್ಲ. ಭಾಷೆ ಬಂದವನಿಗೆ ಉಳಿದವುಗಳಲ್ಲಿ ತಿದ್ದಿಕೊಳ್ಳಬೇಕಾದುದು ಸ್ವಲ್ಪ. ನಮ್ಮ ಹಳೆಯ ಉದ್ರಿ ಪುಸ್ತಕವನ್ನೇ ಅಭ್ಯಾಸಕ್ಕೆ ಕೊಟ್ಟಿದ್ದೇವೆ. ನಡುವೆ ವಿದ್ಯುತ್ತು ತೆಗೆದು ನೋಡೆಂದೂ ಹೇಳಿದ್ದೇವೆ.