ಮುಪ್ಪಿನ ಆಸರೆ

ಬಾಳೆಲ್ಲ ದುಡಿದು ದಣಿದ ಬಡವನನ್ನು ಮುಪ್ಪಿನಲ್ಲಿ ಸಲಹುವ ಹೊಣೆ ಯಾರದು? ಅದಕ್ಕೆ ತಗಲುವ ಹಣವನ್ನು ಯಾರು ತೆರಬೇಕು? ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬ್ರಿಟನ್ ದೇಶವನ್ನು ಅಲುಗಿಸಿದ ಪ್ರಶ್ನೆಗಳಿವು.

ಆ ಕಾಲದಲ್ಲಿ ಬ್ರಿಟನ್ ಸಂಪದ್ಭರಿತವಾದ ರಾಷ್ಟ್ರವಾಗಿತ್ತು. ಆದರೂ ಗಣಿ, ಗಿರಣಿ, ಹೊಲಗಳಲ್ಲಿ ದುಡಿದು ಸವೆದ ಅನೇಕರಿಗೆ ಕಡೆಗಾಲದಲ್ಲಿ ಅನಾಥಾಲಯದಂತಹ ಬಡವರ ಗೃಹಗಳೇ ಗತಿಯಾಗಿದ್ದವು. ಅಲ್ಲಿಗೆ ಸೇರುವುದೆಂದರೆ ಮಾನವನ್ನು ಕಳೆದುಕೊಂಡಂತೆ ಎಂದು ಜನ ಅಂಜುತ್ತಿದ್ದರು. ಈ ಸ್ಥಿತಿಯನ್ನು ನೀಗಲು 1908ರಲ್ಲಿ ವೃದ್ಧಾಪ್ಯ ವೇತನದ ಶಾಸನ ಜಾರಿಗೆ ಬಂದಿತು. ಎಪ್ಪತ್ತು ವರ್ಷ ತುಂಬಿದ, ಅಲ್ಪ ವರಮಾನವುಳ್ಳ ವೃದ್ಧರಿಗೆ ವಾರಕ್ಕೆ 5 ಷಿಲಿಂಗುಗಳವರೆಗೆ ವೇತನ ದೊರೆಯುವಂತಾಯಿತು. 1909ರ ಜನವರಿ 1ರಿಂದ ಅವರು ಅದನ್ನು ಅಂಚೆ ಕಚೇರಿಯಲ್ಲಿ ಪಡೆಯತೊಡಗಿದರು.

ಈ ವೆಚ್ಚಕ್ಕೂ ಹೊಸ ಯುದ್ಧನೌಕೆಗಳ ವೆಚ್ಚಕ್ಕೂ ಹಣವನ್ನು ಒದಗಿಸಬೇಕಾಗಿತ್ತು. ಅರ್ಥಸಚಿವರಾದ ಲಾಯ್ಡ್ ಜಾರ್ಜ್ ಅವರು 1909ರ ಏಪ್ರಿಲ್‌ನಲ್ಲಿ ಮಂಡಿಸಿದ ಆಯವ್ಯಯದಲ್ಲಿ ಸಿರಿವಂತರ ಮೇಲೆ ಹೆಚ್ಚುವರಿ ತೆರಿಗೆಯನ್ನು ಸೂಚಿಸಿದರು. ವರ್ಷಕ್ಕೆ 5,000 ಪೌಂಡುಗಳನ್ನು ಮೀರಿದ ವರಮಾನವುಳ್ಳವರು, 3,000 ಪೌಂಡುಗಳ ಮೇಲಿನ ಮೊತ್ತಕ್ಕೆ ಪೌಂಡಿಗೆ 6 ಪೆನ್ನಿಯಂತೆ ಅದನ್ನು ತೆರಬೇಕಾಗಿತ್ತು. ಆಗ ಪೌಂಡಿಗೆ 240 ಪೆನ್ನಿಗಳು. 6,000 ಪೌಂಡುಗಳ ಒಡೆಯನ ಪಾಲಿಗೆ ಈ ತೆರಿಗೆ 75 ಪೌಂಡುಗಳಾಗುತ್ತಿತ್ತು. ಒಬ್ಬ ವೃದ್ಧನ ವರ್ಷದ ವೇತನ 13 ಪೌಂಡು. ಅಂದರೆ ಸಿರಿವಂತನೊಬ್ಬನ ಈ ತೆರಿಗೆಯಿಂದ ಐವರು ವೃದ್ಧರ ವೇತನವನ್ನು ಕೊಟ್ಟು ಇನ್ನೂ ಮಿಗಿಸಬಹುದಾಗಿತ್ತು.

ಭೂಮಿಯ ಬೆಲೆಯ ಏರಿಕೆಯ ಮೇಲೂ ತೆರಿಗೆಯನ್ನು ಸೂಚಿಸಲಾಯಿತು. ಊರು ಬೆಳೆದಂತೆ, ರಸ್ತೆ ರೈಲುಗಳು ಬಂದಂತೆ ಭೂಮಿಯ ಬೆಲೆ ಏರುತ್ತದೆ. ಎಲ್ಲರ ದುಡಿಮೆಯಿಂದ ಬಂದ ಲಾಭದಲ್ಲಿ ಎಲ್ಲರಿಗೂ ಪಾಲಿರಬೇಕು ಎಂಬುದು ಬೆಂಬಲಿಗರ ವಾದ. ಇದು ಆಸ್ತಿಯ ಹಕ್ಕಿನ ಮೇಲಿನ ದಾಳಿ, ಇದರಿಂದ ಉದ್ಯಮ ಕುಗ್ಗುವುದು ಎಂಬುದು ವಿರೋಧಿಗಳ ವಾದ. ತಂಬಾಕು, ಮದ್ಯಗಳ ಸುಂಕವೂ ಏರಿದ್ದರಿಂದ ಹೊರೆಯ ಒಂದು ಪಾಲು ಬಡವರ ಮೇಲೂ ಬಿದ್ದಿತೆಂಬುದನ್ನು ಮರೆಯಲಾಗದು.

ದೊಡ್ಡ ಭೂಮಾಲಿಕರೇ ತುಂಬಿದ್ದ ಮೇಲ್ಮನೆ 1909ರ ನವೆಂಬರ್‌ನಲ್ಲಿ ಆಯವ್ಯಯವನ್ನು ತಿರಸ್ಕರಿಸಿತು. ಚುನಾವಣೆ ನಡೆದ ಬಳಿಕ, 1910ರ ಏಪ್ರಿಲ್‌ನಲ್ಲಿ ಅದು ಅಂಗೀಕೃತವಾಯಿತು. ಹಣಕಾಸಿನ ಮಸೂದೆಗಳನ್ನು ತಡೆಯುವ ಮೇಲ್ಮನೆಯ ಅಧಿಕಾರವನ್ನು 1911ರ ಶಾಸನ ಕಿತ್ತುಕೊಂಡಿತು. ಭೂಮಿಯ ಬೆಲೆಯ ಮೇಲಿನ ತೆರಿಗೆ ಮಾತ್ರ ಫಲಿಸದೆ 1920ರಲ್ಲಿ ರದ್ದಾಯಿತು.

ನ್ಯಾಯವೆಂದರೆ ಎಲ್ಲರಿಂದಲೂ ಸಮನಾದ ಮೊತ್ತವನ್ನು ಪಡೆಯುವುದಲ್ಲ. ಅವರವರ ಶಕ್ತಿಯನ್ನು ಅರಿತು ಹೊರೆಯನ್ನು ಹಂಚುವುದು. ಆ ಹೊರೆ ದುಡಿಮೆಯ ಉತ್ಸಾಹವನ್ನು ಕುಂದಿಸಬಾರದು. ದುಡಿದು ದಣಿದವರು ಕೈಚಾಚುವಂತೆಯೂ ಆಗಬಾರದು. ಇವೆರಡರ ನಡುವಣ ಹದವನ್ನು ಪ್ರತಿಯೊಂದು ಪೀಳಿಗೆಯೂ ತಾನೇ ವಿಚಾರಮಾಡಿ ಕಂಡುಕೊಳ್ಳಬೇಕಾಗುತ್ತದೆ.