ಕಿವಿಯಿಂದ ಓದುವುದು

ಕುರುಡನಲ್ಲ, ಕಣ್ಣೂ ಸಾಲದು. ಈ ನಡುವಣ ಸ್ಥಿತಿಯನ್ನು ಪರರಿಗೆ ತಿಳಿಯಹೇಳುವುದು ಕಷ್ಟ. ಅಕ್ಷಿಪಟಲದ ನಡುಭಾಗ ಕೆಟ್ಟಿರುವ ನನ್ನಂಥವರಿಗೆ ಬಾಗಿಲಲ್ಲಿ ಯಾರೋ ನಿಂತಿರುವುದು ಕಾಣುತ್ತದೆ, ಮುಖ ಕಾಣದು. ಕನ್ನಡದ ಪುಟದಲ್ಲಿ ಮೊದಲು ಮರೆಯಾಗುವುದು ಒತ್ತಕ್ಷರ. ಆಮೇಲೆ ದಕಾರ ಧಕಾರಗಳ ಭೇದ. ಪಂಡಿತನಿಗೆ ಇದಕ್ಕಿಂತ ಪೇಚು ಬೇಕೆ?

ಕನ್ನಡಕ ಕೈಬಿಟ್ಟಲ್ಲಿ ಕಂಪ್ಯೂಟರಿನ ಪರದೆ ಸ್ವಲ್ಪ ನೆರವಾಗುತ್ತದೆ. ಅಕ್ಷರವನ್ನು ಹಿಗ್ಗಿಸಬಹುದು, ಕಪ್ಪು ನೆಲದ ಮೇಲೆ ಬಿಳಿಯ ಬರಹ ಮಾಡಿಕೊಂಡರೆ ಕಣ್ಣು ಕುಕ್ಕುವುದು ತಗ್ಗುತ್ತದೆ. ಆದರೆ ಹಿಗ್ಗಿಸಿದಷ್ಟೂ ಪರದೆಯಲ್ಲಿ ಹಿಡಿಸುವುದು ನಾಲ್ಕಾರು ಪದ. ವಾಕ್ಯದ ಕ್ರಿಯಾಪದಕ್ಕೆ ಬರುವಷ್ಟರಲ್ಲಿ ಕರ್ತೃಪದ ಮರೆತಿರುತ್ತದೆ. ಆಗ ಕಿವಿಯೇ ಗತಿ.

ಬಾನುಲಿ ಕೇಳುವ ತಮಗೆ ಕಿವಿಯ ಓದು ಹೊಸದಲ್ಲ. ಆಸ್ಟ್ರೇಲಿಯದ ಮೈಕೇಲ್ ಕರನ್ ಎಂಬ ಅಂಧ ತರುಣ 2006ರಲ್ಲಿ ತೊಡಗಿದ ‘ಎನ್‌ವಿಡಿಎ’ ಎಂಬ ತಂತ್ರಾಂಶ ಪರದೆಯ ಬರಹವನ್ನು ಗಟ್ಟಿಯಾಗಿ ಓದುತ್ತದೆ. ಅದಕ್ಕೆ ಬೆಲೆ ಕೊಡಬೇಕಾಗಿಲ್ಲ. ಕನ್ನಡವೂ ಬರುತ್ತದೆ, ರಾಗ ಮಾತ್ರ ಬಾರದು.

ತೊಡಕು ಬೇರೆಡೆ ಇದೆ. ಹಳೆಯ ‘ನುಡಿ’, ‘ಬರಹ’ಗಳ ಅನೇಕ ಕಡತಗಳಲ್ಲಿ ಕಣ್ಣಿಗೆ ಕಾಣುವುದು ಕನ್ನಡ, ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಯಂತ್ರ ಅದನ್ನೇ ಉಚ್ಚರಿಸಿ ಪ್ರಲಾಪಿಸುತ್ತದೆ. ಯೂನಿಕೋಡಿನಲ್ಲಿ ಬೆರಳಚ್ಚು ಮಾಡಿದ್ದು ಕನ್ನಡವಾಗಿಯೇ ಕೇಳಿಸುತ್ತದೆ. ಕಾಗದದ ಚಿತ್ರ ತೆಗೆದು ಕಳುಹಿಸಿದಿರೋ, ಬಹುತೇಕ ಮೌನ. ಹೋದ ವರ್ಷ ನನಗೊಂದು ಸುತ್ತೋಲೆ ಹಾಗೆ ಚಿತ್ರವಾಗಿ ಬಂತು. ಒಂಬತ್ತನೆಯ ತರಗತಿಯ ಹುಡುಗನಿಂದ ಓದಿಸಿಕೊಂಡೆ. ಒಂದೆರಡು ಕಡೆ ತಪ್ಪಿ ಓದಿದನೆಂದು ಕಿವಿಗೆ ತೋರಿತು. ತಿದ್ದಲು ಪುಟ ಕಾಣಲಿಲ್ಲ.